ಚರಂಡಿಯ ಮೇಲಿನ ಕೆಂಪು ಗೆರೆ

ಗಾಣದ ಬೀದಿಯ ಚರಂಡಿ ಯಾರದು? ಇಷ್ಟು ಕೇಳಿದರೆ ಸಾಕು, ಬೀದಿಯವರೆಲ್ಲ ಎದುರು ಮನೆಯ ಕಡೆ ಕೈ ತೋರಿಸುತ್ತಿದ್ದರು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯ ಒಂದು ಸಣ್ಣ ಪೇಟೆ ಅದು. ಬೀದಿಯ ಮೂಡಲ ಸಾಲಿನಲ್ಲಿ ಬೇಸಾಯದವರು, ಪಡುವಲ ಸಾಲಿನಲ್ಲಿ ಗಾಡಿ ಕೆಲಸದ ಮುಸಲ್ಮಾನರು, ನಟ್ಟನಡುವೆ ಚರಂಡಿ. ನಾಲೆ ನೀರು ಬಂದ ಮೇಲೆ ಗದ್ದೆಯೇನೋ ಹಸುರಾಯಿತು, ಜೊತೆಗೆ ಸೊಳ್ಳೆಯೂ ಹೆಚ್ಚಿತು. ಕಟ್ಟಿ ನಿಂತ ಚರಂಡಿಯಿಂದ ಮನೆಮನೆಗೂ ಚಳಿಜ್ವರ.

ಮೂಡಲ ಸಾಲಿನ ಹೊಂಬಾಳಮ್ಮನ ಸಂಕಟ ಇನ್ನೂ ದೊಡ್ಡದು. ಮಗಳು ಮುದ್ದಮ್ಮ ಚೊಚ್ಚಲ ಬಸುರಿ. ಚೊಚ್ಚಲ ಬಾಣಂತನ ತೌರಿನಲ್ಲೇ ಆಗಬೇಕು. ಆದರೆ ದುದ್ದ ಊರಿನ ಬೀಗರು ಹೇಳಿ ಕಳಿಸಿದ್ದರು: "ಆ ಚರಂಡಿ ದಂಡೆಗೆ ನಮ್ಮ ಸೊಸೇನ ಕಳಿಸಾಕಿಲ್ಲ. ಬಾಣಂತೀಗೆ ಚಳಿಜ್ವರ ಬಂದ್ರೆ ಯಾರು ಗತಿ?" ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅದಕ್ಕೇ ಹೊಂಬಾಳಮ್ಮನಿಗೆ ಅನ್ನ ಸೇರುತ್ತಿರಲಿಲ್ಲ. ಮೂಡಲ ವಾರ್ಡಿನ ಮೆಂಬರನ್ನು ಕೇಳಿದಳು. "ಅದು ಪಡುವಲ ವಾರ್ಡಿಗೆ ಸೇರಿದ್ದಮ್ಮ" ಅಂದರು. ಪಡುವಲದವರನ್ನು ಕೇಳಿದರೆ ಮೂಡಲದವರ ಹೆಸರು ಹೇಳಿದರು.

ಹೀಗಿರುವಾಗ ಒಂದು ಬೆಳಿಗ್ಗೆ ತಮಟೆಯವನು ಸಾರುತ್ತಾ ಬಂದ: "ವಾರ್ಡುಗಳ ಎಲ್ಲೆ ತಿದ್ದುಪಡಿ ಆಗ್ತದೆ. ನಕ್ಷೆ ಮುನಿಸಿಪಾಲಿಟಿ ಆಫೀಸಲ್ಲಿ ಇಟ್ಟವ್ರೆ. ಊರಲ್ಲಿ ವಾಸ ಇರೋರು ಯಾರಾದ್ರೂ ಸರಿ, ತಕರಾರಿದ್ರೆ ಸಂತೆ ದಿನದೊಳಗೆ ಬರಬೌದು."

ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ ಜವರಯ್ಯ, ಹೊಂಬಾಳಮ್ಮನ ಗಂಡ, ತಲೆ ಎತ್ತಲಿಲ್ಲ. "ಗೆರೆ ಎಲ್ಲಿ ಎಳುದ್ರೆ ನಮಗೇನು? ನಮ್ಮೆಮ್ಮೆ ಆಲು ಜಾಸ್ತಿ ಕೊಡ್ತದಾ?"

ಎದುರು ಮನೆಯ ಗಫಾರ್ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕೂರಿಸುತ್ತಿದ್ದ. ಮುನಿಸಿಪಾಲಿಟಿಯ ಗಾಡಿಗಳೂ ಅವನ ಕೈಗೇ ರಿಪೇರಿಗೆ ಬರುತ್ತಿದ್ದುದರಿಂದ ಆಫೀಸಿನ ಸುದ್ದಿ ಅವನಿಗೆ ತಿಳಿಯುತ್ತಿತ್ತು. "ಎಮ್ಮೆ ಇಸ್ಯ ನಂಗೊತ್ತಿಲ್ಲ ಕಣ್ಲಾ ಜವರ. ಚರಂಡಿ ಇಸ್ಯ ಗೊತ್ತು. ವಾರ್ಡಿನ ಗೆರೆ ಓಗಿರೋದೇ ಅದರ ಮ್ಯಾಲೆ."

"ಯಾರ್ಲಾ ಅಲ್ಲಿ ಎಳದೋರು?"

"ಇನ್ಯಾರು, ನೀನು, ನಾನು. ಮೊದ್ಲು ಗುಮಾಸ್ತರು ಬಂದು ಚರಂಡಿ ಯಾರ ಕಡೇದು ಅಂತ ಕೇಳಿದ್ರಲ್ಲ, ಎಲ್ಲಿ ತೆರಿಗೆ ಆಕ್ತಾರೋ ಅಂತ ನೀನು ನಮ್ದಲ್ಲ ಅಂದೆ. ನಾನೂ ನಮ್ದಲ್ಲ ಅಂದೆ. ಬೀದಿಗೆ ಬೀದೀನೇ ಅಂಗಂತು. ಯಾರ್ದೂ ಅಲ್ದಿದ್ರೆ ಇದೇ ಎಲ್ಲೆ ಅಂತ ಬರ್ಕೊಂಡೋದ್ರು."

ಜವರಯ್ಯನ ಕೈಯ ಹಗ್ಗ ನಿಂತಿತು. ಆದರೂ ಮಾತು ಬಿಡಲಿಲ್ಲ. "ಸರ್ಕಾರ ಬರೆದಿದ್ದು ನಿನ್ನ ಮಾತಿಗೆ ಅಳಿಸೋಯ್ತದಾ? ಬುಡು ಬುಡು."

"ನೀನು ಬರದಿದ್ರೆ ಬುಡು. ನಾನು ಓಯ್ತೀನಿ," ಎಂದಳು ಬಾಗಿಲಿಗೆ ಬಂದ ಹೊಂಬಾಳಮ್ಮ.

"ಮನೆ ತೆರಿಗೆ ಕಟ್ಟೋರಿಗೆ ಮಾತ್ರ ಓಟು, ನಿಂಗೆ ಓಟೇ ಇಲ್ವಲ್ಲಮ್ಮಿ."

"ಓಟಿಲ್ಲ, ಬಾಯಿ ಅದೆ."

ಗಫಾರ್ ನಕ್ಕ. "ಅದು ಈ ಬೀದಿಗೆಲ್ಲ ಗೊತ್ತು ಕಣಕ್ಕ. ವಾಸ ಇರೋರು ಯಾರಾದ್ರೂ ಸರಿ ಅಂತ ತಮಟೆಯೋನೇ ಸಾರಿದ್ನಲ್ಲ, ನಡಿ."

ಇಬ್ಬರೂ ಹೊರಟರು. ಜವರಯ್ಯ ಗೊಣಗುತ್ತಾ ಹಿಂದೆ ಬಂದ.

ಆಫೀಸಿನ ಅಗಲವಾದ ಮೇಜಿನ ಮೇಲೆ ನಕ್ಷೆ ಹಾಸಿತ್ತು. ಹೊಂಬಾಳಮ್ಮ ಬಗ್ಗಿ ನೋಡಿದಳು. ಮೊದಲಿಗೆ ಬರೀ ಗೀಟು. ಗಫಾರ್ ಮಸೀದಿ ತೋರಿಸಿದ, ಗಾಣ ತೋರಿಸಿದ. ಆಮೇಲೆ ಒಂದೊಂದಾಗಿ ಎಲ್ಲವೂ ಎದ್ದು ಬಂದವು: ಮಾರಿಗುಡಿ, ಕೆರೆ ಏರಿ, ಅವಳು ನೀರು ಹೊತ್ತ ದಾರಿ. ಸೊಸೆಯಾಗಿ ಬಂದಾಗಿನಿಂದ ತುಳಿದ ಊರು, ಮೇಲೆ ಹಾರುವ ಹದ್ದಿಗೆ ಕಾಣುವ ಹಾಗೆ, ಒಂದು ಕಾಗದದಲ್ಲಿ ಮಲಗಿತ್ತು. ಒಂದು ಪುಟ್ಟ ಚೌಕ ಅವಳ ಮನೆ. ಅವಳಿಗೆ ಗೊತ್ತಿಲ್ಲದೆಯೇ ಕೈ ಮುಗಿದುಹೋಯಿತು.

"ದೇವರ ಪಟ ಅಲ್ಲಮ್ಮ ಇದು, ಊರಿನ ಪಟ," ಎಂದರು ಮೇಜಿನಾಚೆಯ ಅಧಿಕಾರಿ.

"ನಮ್ಮೂರೇ ಅಲ್ವಾ ಸ್ವಾಮಿ," ಎಂದಳು ಹೊಂಬಾಳಮ್ಮ.

"ಸರಿ. ಈ ಚರಂಡಿ ಯಾರದು?"

ಗಫಾರ್ ಜವರಯ್ಯನ ಮುಖ ನೋಡಿದ. ಜವರಯ್ಯ ನೆಲ ನೋಡಿದ, ಹೆಂಡತಿಯನ್ನು ನೋಡಿದ. ಕೊನೆಗೆ, "ನಮ್ದು ಸ್ವಾಮಿ," ಅಂದ.

"ನಮ್ದೂ ಹೌದು," ಅಂದ ಗಫಾರ್.

"ಹಾಗಾದರೆ ಗೆರೆ ಎಲ್ಲಿ ಹಾಕೋಣ?"

"ನಮ್ಮ ಹಿತ್ಲ ಹಿಂದ್ಗಡೆ ಗಾಡಿದಾರಿ ಅದೆ ಸ್ವಾಮಿ. ಅಲ್ಲಿ ಆಕಿ. ನಾವು ಇವರ ವಾರ್ಡಿಗೇ ಬತ್ತೀವಿ," ಎಂದಳು ಹೊಂಬಾಳಮ್ಮ.

"ವಾರ್ಡು ವಾರ್ಡಿಗೂ ಜನ ಹೆಚ್ಚುಕಮ್ಮಿ ಸಮ ಇರಬೇಕಮ್ಮ. ನೀವು ಇತ್ತ ಬಂದರೆ ಮೂಡಲದಲ್ಲಿ ಕಮ್ಮಿ ಆಗ್ತಾರೆ." ಅಧಿಕಾರಿ ತುಸು ಯೋಚಿಸಿ, ಕೆರೆ ಹಿಂದೆ ಹೊಸದಾಗಿ ಎದ್ದ ಮನೆಗಳ ಮೇಲೆ ಬೆರಳಿಟ್ಟರು. "ಇವರನ್ನ ಮೂಡಲಕ್ಕೆ ಸೇರಿಸಿದರೆ ಸರಿಹೋಗಬಹುದು. ಅವರನ್ನೂ ಕೇಳ್ತೀವಿ."

ಆಮೇಲೆ ಅವರು ರಬ್ಬರು ತೆಗೆದುಕೊಂಡು ಚರಂಡಿಯ ಮೇಲಿನ ಕೆಂಪು ಪೆನ್ಸಿಲಿನ ಗೆರೆಯನ್ನು ಉಜ್ಜಿದರು.

ಹೊಂಬಾಳಮ್ಮ ಇನ್ನಷ್ಟು ಬಗ್ಗಿ ನೋಡಿದಳು. ಎರಡು ಸಾಲಿನ ಮನೆಗಳನ್ನು ಇಷ್ಟು ವರ್ಷ ಬೇರೆ ಮಾಡಿದ ಗೆರೆ, ಮೆಂಬರುಗಳಿಬ್ಬರೂ ದಾಟದ ಗೆರೆ, ಕೆಂಪು ಪುಡಿಯಾಗಿ ಉದುರಿತು. ಅಧಿಕಾರಿ ಊದಿದರು. ಅದರ ಕೆಳಗೆ ಬರೀ ಬಿಳಿ ಕಾಗದ ಇತ್ತು.

"ಅಳಿಸ್ತದೆ ಕಣಮ್ಮಿ," ಎಂದ ಜವರಯ್ಯ, ಮೆಲ್ಲಗೆ, ಗುಡಿಯಲ್ಲಿ ಮಾತಾಡಿದ ಹಾಗೆ.

ಕೆರೆ ಹಿಂದಿನವರೂ ಒಪ್ಪಿದರು, ಹೊಸ ಎಲ್ಲೆಗೆ ಆರ್ಡರು ಬಂತು. ಈಗ ಎರಡೂ ಸಾಲಿನ ಓಟು ಒಬ್ಬ ಮೆಂಬರಿಗೇ ಬೇಕು. ಕೇಳುವ ಮೊದಲೇ ಅವರು ಬಂದು ನಿಂತು ಹೂಳು ತೆಗೆಸಿದರು. ನೀರು ಹರಿಯಿತು. ದುದ್ದದಿಂದ ಬೀಗರೇ ಗಾಡಿ ಕಟ್ಟಿ ಮುದ್ದಮ್ಮನನ್ನು ಕರೆತಂದರು.

ಅಣ್ಣಂದಿರೇ, ಅಕ್ಕತಂಗಿಯರೇ, ನಿಮ್ಮ ಊರಿನಲ್ಲೂ ವಾರ್ಡಿನ ಎಲ್ಲೆ ತಿದ್ದುವ ದಿನ ಬರುತ್ತದೆ. ನಮಗೇನು ಅನ್ನಬೇಡಿ. ಗಡುವಿನೊಳಗೆ ಹೋಗಿ ನಕ್ಷೆ ನೋಡಿ. ಓದು ಬಾರದಿದ್ದರೆ ತೋರಿಸಿ ಎಂದು ಕೇಳಿ, ತೋರಿಸುತ್ತಾರೆ. ಯಾವ ಬಾವಿ, ಯಾವ ದಾರಿ, ಯಾವ ಚರಂಡಿ ಗೆರೆಗೆ ಸಿಕ್ಕಿ ಅನಾಥವಾಗಿದೆ ಎಂದು ಹುಡುಕಿ ಹೇಳಿ. ಹೋಗುವಾಗ ಎದುರು ಮನೆಯವರನ್ನೂ ಕೂಗಿ ಕರೆದುಕೊಂಡು ಹೋಗಿ.