ಗಿಡ್ಡ ಜೀಪಿನ ತೂಕ

ತಮ್ಮ ತೀರಿಕೊಂಡ ದಿನ ಅಣ್ಣ ಕಾರಿನ ಷೋರೂಮಿನ ಸೋಫಾದಲ್ಲಿ ಕುಳಿತು, ಅವನಿಗೆ ಹೇಗೆ ಬೈಯಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳುತ್ತಿದ್ದ. ತಮ್ಮ ತಡಮಾಡುವ ಆಸಾಮಿಯಲ್ಲ. ಶನಿವಾರ ಬಂತೆಂದರೆ ಅಂಗಡಿಯ ಶಟರು ಎಳೆದು, ಕೈಗೆ ಹತ್ತಿದ ಎಣ್ಣೆ ತೊಳೆದುಕೊಂಡು, ಅಣ್ಣನಿಗಿಂತ ಮೊದಲೇ ಷೋರೂಮಿನ ಬಾಗಿಲಲ್ಲಿ ನಿಂತಿರುತ್ತಿದ್ದ. ಆ ದಿನ ಅಣ್ಣನ ಟೀ ಮುಗಿದರೂ ಅವನ ಸುಳಿವಿಲ್ಲ.

ಗಾಜಿನಾಚೆ ಟೆಸ್ಟ್ ಡ್ರೈವಿಗೆ ಕಾರು ಸಿದ್ಧವಾಗಿ ನಿಂತಿತ್ತು. ಕಂಪನಿಯವರು ಅದಕ್ಕೆ ಕಾಂಪ್ಯಾಕ್ಟ್ ಎಸ್‌ಯುವಿ ಎಂದು ಹೆಸರಿಟ್ಟಿದ್ದರು. ತಮ್ಮ ಅದನ್ನು ‘ಗಿಡ್ಡ ಜೀಪು’ ಅನ್ನುತ್ತಿದ್ದ. ಜೀಪಿನ ಎತ್ತರ, ಸಣ್ಣ ಕಾರಿನ ಉದ್ದ, ಸಾಮಾನ್ಯರ ಕೈಗೆಟಕುವ ಬೆಲೆ. ಮಾರಾಟಗಾರನಿಗೂ ಅವನೇ ಹೆಸರಿಟ್ಟಿದ್ದ: ಟೈಯಪ್ಪ. ಸೆಕೆಯಿರಲಿ ಚಳಿಯಿರಲಿ, ಆ ಮನುಷ್ಯನ ಕತ್ತಿನಿಂದ ಟೈ ಇಳಿದದ್ದನ್ನು ಯಾರೂ ಕಂಡಿರಲಿಲ್ಲ.

“ಏನ್ ಯಜಮಾನ್ರೇ, ಇವತ್ತು ಕಿರಿಯರು ನಾಪತ್ತೆ?” ಎಂದು ಟೈಯಪ್ಪ ಕೇಳಿದ. “ಎ.ಸಿ. ಹಾಕಿಟ್ಟಿದೀನಿ, ಕಾರೊಳಗೆ ತಣ್ಣಗಾಗಿದೆ. ಹೋದ ವಾರ ತಣ್ಣಗಾಗೋಕೆ ಹೊತ್ತು ಹಿಡೀತು ಅಂತ ಒಂದು ತಪ್ಪು ತೆಗೆದಿದ್ರಲ್ಲ.”

“ಬರಲಿ, ಇವತ್ತು ಅವನಿಗೆ ನಾನು ಬಿಸಿ ಮುಟ್ಟಿಸ್ತೀನಿ,” ಎಂದ ಅಣ್ಣ.

ಅಷ್ಟರಲ್ಲಿ ಫೋನು ಬಂತು. ತಮ್ಮನ ಹೆಂಡತಿ. “ಭಾವ, ಬೇಗ ಅಂಗಡಿಗೆ ಬನ್ನಿ. ಇವರು ಕೂತಲ್ಲೇ ಒರಗಿದಾರೆ. ಎಷ್ಟು ಕರೆದರೂ ಏಳ್ತಿಲ್ಲ.”

ಅಣ್ಣ ಫೋನು ಹಿಡಿದುಕೊಂಡೇ ಬಾಗಿಲ ಕಡೆ ನಡೆದ. ಟೈಯಪ್ಪ ಒಂದು ಮಾತೂ ಕೇಳದೆ ಅವನನ್ನು ಅದೇ ಗಿಡ್ಡ ಜೀಪಿನಲ್ಲಿ ಕೂರಿಸಿಕೊಂಡು ಹೊರಟ. ಮಾರುಕಟ್ಟೆಯ ಏರಿನಲ್ಲಿ ಗಾಡಿ ಏದುಸಿರು ಬಿಟ್ಟಿತು. ‘ಏರಿನಲ್ಲಿ ಇದಕ್ಕೆ ದಮ್ಮಿಲ್ಲ, ತಮ್ಮನಿಗೆ ಮರೆಯದೆ ಹೇಳಬೇಕು’ ಎಂದು ಅಣ್ಣ ಅಂದುಕೊಂಡ. ಅಂದುಕೊಂಡ ಮರುಗಳಿಗೆಯೇ ಯಾರಿಗೆ ಹೇಳುವುದು ಎಂಬ ಪ್ರಶ್ನೆ ಎದ್ದಿತು. ಅವರು ಮುಟ್ಟುವ ಹೊತ್ತಿಗೆ ಎದುರು ಕ್ಲಿನಿಕ್ಕಿನ ಡಾಕ್ಟರು ಸ್ಟೆತೊಸ್ಕೋಪು ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ತಮ್ಮನದು ತಕ್ಕಡಿ ರಿಪೇರಿಯ ಅಂಗಡಿ. ಪೇಟೆಯ ಯಾವ ಅಂಗಡಿಯ ತಕ್ಕಡಿಯ ಮುಳ್ಳು ವಾಲಿದರೂ ಅವನ ಕೈಗೇ ಬರಬೇಕು. ತಟ್ಟೆಯ ಅಡಿಗೆ ಮೇಣ ಮೆತ್ತಿ ಗಿರಾಕಿಗೆ ಮೋಸ ಮಾಡುವ ವ್ಯಾಪಾರಿ ಸಿಕ್ಕಿಬಿದ್ದರೆ ಮುಗಿಯಿತು, ನಡುಬೀದಿಯಲ್ಲಿ ನಿಲ್ಲಿಸಿ ನೀರಿಳಿಸುತ್ತಿದ್ದ. ಅಣ್ಣ ಸಿಟಿ ಬಸ್ಸಿನ ಡ್ರೈವರ್ ಆಗಿದ್ದವನು. ನಿವೃತ್ತಿಯಾದ ಮೇಲೆ, ಹೆಂಡತಿಯನ್ನೂ ಕಳೆದುಕೊಂಡ ಮೇಲೆ, ಮನೆಯ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಅಂಥ ದಿನಗಳಲ್ಲೇ ತಮ್ಮ ಬಂದು, “ಅಣ್ಣ, ಒಂದು ಕಾರು ತಗೋಬೇಕು. ಇವಳಿಗೆ ಮಂಡಿನೋವು, ಆಟೋ ಹತ್ತಿ ಇಳಿಯೋಕಾಗಲ್ಲ. ನನಗೆ ಡ್ರೈವಿಂಗ್ ಬರಲ್ಲ. ಓಡಿಸಿ ನೋಡಿ ಹೇಳೋನು ನೀನೇ,” ಎಂದಿದ್ದ. ತಮ್ಮನ ಚಪಲ, ಹೋಗಲಿ ಪಾಪ ಎಂದು ಅಣ್ಣ ಒಪ್ಪಿದ್ದ.

ಅಂದಿನಿಂದ ಶನಿವಾರ ಬೆಳಿಗ್ಗೆ ಟೆಸ್ಟ್ ಡ್ರೈವು, ಆಮೇಲೆ ಅಂಗಡಿಯಲ್ಲಿ ತೂಕ. ತೂಕವೆಂದರೆ ನಿಜವಾದ ತೂಕವೇ. ತಮ್ಮ ತನ್ನ ಹಳೆಯ ಹಿತ್ತಾಳೆ ತಕ್ಕಡಿಯನ್ನು ಮೇಜಿನ ಮೇಲಿಟ್ಟು, ಎಡತಟ್ಟೆಗೆ ಗುಣ, ಬಲತಟ್ಟೆಗೆ ದೋಷ ಎಂದು ಕಬ್ಬಿಣದ ನಟ್ಟು ಹಾಕುತ್ತಿದ್ದ. ದೊಡ್ಡ ಗುಣಕ್ಕೆ ದೊಡ್ಡ ನಟ್ಟು, ಚಿಲ್ಲರೆ ದೋಷಕ್ಕೆ ಚಿಲ್ಲರೆ ನಟ್ಟು. ಶುರು ಮಾತ್ರ ಯಾವಾಗಲೂ ದೋಷದಿಂದ. ತಕ್ಕಡಿಯ ಮೇಲಿನ ಬಟ್ಟೆ ಪೂರ್ತಿ ಸರಿಯುವ ಮೊದಲೇ ಒಂದು ನಟ್ಟು ಬಲಕ್ಕೆ ಬಿದ್ದಿರುತ್ತಿತ್ತು. “ಗುಣ ಹೇಳೋಕೆ ಟೈಯಪ್ಪ ಇದಾನೆ. ದೋಷ ನಾವೇ ಹೇಳ್ಕೋಬೇಕು,” ಅನ್ನುತ್ತಿದ್ದ.

“ಸಿಗ್ನಲ್ಲಲ್ಲಿ ನಿಂತಾಗ ಸ್ಟೇರಿಂಗು ನಡುಗುತ್ತೆ,” ಎಂದು ಅಣ್ಣ ಹೇಳಿದರೆ ಬಲಕ್ಕೊಂದು.

“ಸೀಟು ಎತ್ತರ ಇದೆ, ರಸ್ತೆ ಬಸ್ಸಲ್ಲಿ ಕಂಡ ಹಾಗೆ ಕಾಣುತ್ತೆ,” ಅಂದರೆ ಎಡಕ್ಕೊಂದು. ಗುಂಡಿ ಬಿದ್ದ ರಸ್ತೆಯಲ್ಲಿ ಹೊಟ್ಟೆ ತಗಲುವುದಿಲ್ಲ, ಎಡಕ್ಕೆ. ಬಾಗಿಲ ಒಳಗಿನ ಪ್ಲಾಸ್ಟಿಕ್ಕು ಉಗುರು ತಗುಲಿದರೆ ಗೀರು ಬೀಳುತ್ತದೆ, ಬಲಕ್ಕೆ. ಪೆಟ್ರೋಲು ಕಡಿಮೆ ಕುಡಿಯುತ್ತದೆ, ಎಡಕ್ಕೆ ದೊಡ್ಡದು. ಹಿಂದಿನ ಸೀಟಿನಲ್ಲಿ ಮೂವರು ಕುಳಿತರೆ ನಡುವಿನವನು ಮಂಡಿಯನ್ನು ಗಲ್ಲಕ್ಕೆ ಆನಿಸಿಕೊಂಡಿರಬೇಕು, ಬಲಕ್ಕೆ ಅದಕ್ಕಿಂತ ದೊಡ್ಡದು. ತಿರುವಿನಲ್ಲಿ ಸ್ವಲ್ಪ ವಾಲುತ್ತದೆ. ಬ್ರೇಕು ಹೇಳಿದ ಮಾತು ಕೇಳುತ್ತದೆ.

ಕೀ ತಿರುಗಿಸುವ ಮೊದಲು ಅಣ್ಣ ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಿದ್ದ. ಬಸ್ಸಿನ ಕಾಲದಿಂದ ಬಂದ ರೂಢಿ. ತಮ್ಮ ಅದನ್ನೂ ಬಿಡುತ್ತಿರಲಿಲ್ಲ: “ನೀನು ಪ್ರಾರ್ಥನೆ ಮಾಡೋದನ್ನ ಯಾವ ತಟ್ಟೆಗೆ ಹಾಕಲಿ? ಗಾಡಿ ಮೇಲೆ ನಂಬಿಕೆ ಇಲ್ಲ ಅಂತಲೋ, ಗಾಡಿ ಚೆನ್ನಾಗಿದೆ ಅಂತ ದೇವರಿಗೆ ವರದಿ ಒಪ್ಪಿಸ್ತಿದೀಯ ಅಂತಲೋ?”

ಕೊನೆಗೆ ಏನಾಗುತ್ತಿತ್ತೆಂದರೆ, ಯಾವ ವಾರವೂ ಮುಳ್ಳು ಎಡಕ್ಕೆ ವಾಲುತ್ತಿರಲಿಲ್ಲ. ನಟ್ಟನಡುವೆ ನಿಲ್ಲುತ್ತಿತ್ತು, ಇಲ್ಲವೇ ಕೂದಲೆಳೆಯಷ್ಟು ಬಲಕ್ಕೆ. ತಮ್ಮ ನಿಟ್ಟುಸಿರು ಬಿಟ್ಟು, “ತಕ್ಕಡಿ ಒಪ್ತಿಲ್ಲ ಅಣ್ಣ. ಮುಂದಿನ ಶನಿವಾರ ಇನ್ನೊಂದ್ಸಲ ನೋಡೋಣ,” ಅನ್ನುತ್ತಿದ್ದ. ಹೀಗೆ ಮೀನ ಮೇಷ ಎಣಿಸುತ್ತಲೇ ಕಾರಿನ ಬಣ್ಣಗಳು ಬದಲಾದವು, ಮುಂದಿನ ದೀಪಗಳು ಸಣ್ಣವಾದವು, ಟೈಯಪ್ಪನ ಕೂದಲು ನೆರೆಯಿತು. ಷೋರೂಮಿನವರು ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ಮೊದಲು ಈ ಅಣ್ಣತಮ್ಮಂದಿರ ಮುಂದೆ ನಿಲ್ಲಿಸುತ್ತಿದ್ದರು. ಇವರ ಪ್ರಶ್ನೆಗಳಿಗೆ ಉತ್ತರ ಹೇಳಿ ಬದುಕಿ ಉಳಿದವನು ಯಾರಿಗೆ ಬೇಕಾದರೂ ಕಾರು ಮಾರಬಲ್ಲ ಎಂಬುದು ಅವರ ಲೆಕ್ಕ.

ಸಾವಿನ ಮನೆಗೆ ಮಾತನಾಡಿಸಲು ಬಂದವರೆಲ್ಲ ಒಂದೇ ಮಾತು ಹೇಳಿದರು: “ಪಾಪ, ಕಾರಿನ ಆಸೆ ಇಟ್ಕೊಂಡೇ ಹೋದ.” ಆಸೆ ತೀರಿಸದೆ ಕಳಿಸಿದ ಅಪರಾಧ ಅಣ್ಣನದೇ ಎಂಬಂತೆ ಕೆಲವರು ಅವನ ಮುಖವನ್ನೂ ನೋಡಿದರು. ಅಣ್ಣ ದೈವಭಕ್ತ. ಆಸೆ ಉಳಿದ ಜೀವಕ್ಕೆ ನೆಮ್ಮದಿಯಿಲ್ಲ ಎಂದು ನಂಬಿದವನು. ತಾನು ಇನ್ನೊಂದು ಮಾತು ಗಟ್ಟಿಯಾಗಿ ಹೇಳಿದ್ದರೆ, ಆ ನಡುಗುವ ಸ್ಟೇರಿಂಗಿನ ಸುದ್ದಿ ಎತ್ತದೇ ಇದ್ದಿದ್ದರೆ, ತಮ್ಮ ಒಂದು ವಾರವಾದರೂ ತನ್ನ ಕಾರಿನಲ್ಲಿ ಕುಳಿತು ಹೋಗುತ್ತಿದ್ದನೇನೋ. ಪ್ರಾರ್ಥನೆಗೆ ಕುಳಿತರೆ ದೇವರ ಬದಲು ಗಿಡ್ಡ ಜೀಪು ಕಣ್ಣಮುಂದೆ ಬಂದು ನಿಲ್ಲುತ್ತಿತ್ತು, ಇಂಡಿಕೇಟರು ಹಾಕಿಕೊಂಡು.

ಕೊನೆಗೆ ಅವನು ಒಂದು ತೀರ್ಮಾನಕ್ಕೆ ಬಂದ. ಆ ಶನಿವಾರ ನಿಂತುಹೋದ ತೂಕವನ್ನು ತಾನೇ ಮುಗಿಸಬೇಕು. ಮುಳ್ಳು ಎಡಕ್ಕೆ ವಾಲಿದರೆ ಕಾರು ಕೊಂಡು ತಮ್ಮನ ಮನೆಯ ಮುಂದೆ ನಿಲ್ಲಿಸಬೇಕು. ಜೀವಕ್ಕೆ ಶಾಂತಿಯಾಗುತ್ತದೆ.

ತಮ್ಮನ ಅಂಗಡಿಯ ಶಟರು ಎತ್ತಿ ಒಳಗೆ ಹೋದ. ರಿಪೇರಿಗೆ ಬಂದ ತಕ್ಕಡಿಗಳು ಗೋಡೆಗೆ ನೇತಾಡುತ್ತಿದ್ದವು. ಮೇಜಿನ ಮೇಲೆ ಹಿತ್ತಾಳೆ ತಕ್ಕಡಿ, ಬಟ್ಟೆ ಹೊದ್ದು, ಆ ಶನಿವಾರಕ್ಕೆಂದು ತಮ್ಮ ಸಿದ್ಧಮಾಡಿಟ್ಟ ಹಾಗೆಯೇ ಇತ್ತು. ಅಣ್ಣ ಬಟ್ಟೆ ತೆಗೆದ. ದೋಷದಿಂದ ಶುರುಮಾಡುವ ಅವಸರ ಅವನಿಗಿರಲಿಲ್ಲ. ಗಾಡಿ ಹೊರಡಿಸುವ ಮೊದಲು ಸುತ್ತ ಒಂದು ಬಾರಿ ನೋಡುವುದು ಡ್ರೈವರನ ಅಭ್ಯಾಸ. ನೋಡಿದ. ತಟ್ಟೆಗಳು ಖಾಲಿ. ಮುಳ್ಳು ಬಲಕ್ಕೆ ವಾಲಿತ್ತು.

ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಬಲತಟ್ಟೆಯನ್ನು ಎತ್ತಿ ತಿರುವಿದ. ಅಡಿಯಲ್ಲಿ ಗೋಲಿಯಷ್ಟು ಮೇಣ ನೀಟಾಗಿ ಮೆತ್ತಿಕೊಂಡಿತ್ತು. ಅದರ ಮೇಲೆ ತಮ್ಮನ ಹೆಬ್ಬೆರಳಿನ ಗುರುತು.

ಅಣ್ಣ ಸ್ಟೂಲು ಎಳೆದುಕೊಂಡು ಕುಳಿತ. ಊರಿನವರ ಮೇಣ ಕೆರೆದು ಮಾನ ಕಳೆದವನು ತನ್ನ ತಕ್ಕಡಿಗೆ ತಾನೇ ಮೇಣ ಮೆತ್ತಿದ್ದಾನೆ! ಇಷ್ಟು ವರ್ಷ ತನ್ನನ್ನು ಮಂಗ ಮಾಡಿದನೇ? ಮೊದಲು ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಹೆದರಿಕೆ. ತಕ್ಕಡಿಯನ್ನೇ ದೇವರೆಂದು ನಂಬಿದವನು ಕಳ್ಳ ತಕ್ಕಡಿ ಬಿಟ್ಟು ಹೋದ. ಈಗ ಮೇಲೆ ದೇವರ ಮುಂದೆ ಏನೆಂದು ಉತ್ತರ ಹೇಳುತ್ತಾನೆ?

ತಟ್ಟೆಯನ್ನು ಹಾಗೆಯೇ ಚೀಲದಲ್ಲಿಟ್ಟುಕೊಂಡು ತಮ್ಮನ ಮನೆಗೆ ಹೋದ. ತಮ್ಮನ ಹೆಂಡತಿ ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕುಳಿತಿದ್ದಳು. ಅವನು ತಟ್ಟೆಯನ್ನು ಅವಳ ಮುಂದೆ ತಲೆಕೆಳಗಾಗಿಟ್ಟ. ಅವಳು ನೋಡಿದಳು. ಆ ಮನೆಯಲ್ಲಿ ಸಾವು ಆದ ಮೇಲೆ ಮೊದಲ ಬಾರಿಗೆ ನಗು ಕೇಳಿಸಿತು.

“ಸಿಕ್ಕಿಬಿದ್ರಾ ನಿಮ್ಮ ತಮ್ಮ?”

“ನಿನಗೆ ಗೊತ್ತಿತ್ತಾ ಅಮ್ಮ?”

“ಮೇಣ ಕೊಡ್ತಿದ್ದೋಳೇ ನಾನು. ಕರೆಂಟು ಹೋದಾಗ ಉರಿಸಿ ಉಳಿದ ಮೇಣದಬತ್ತಿ ಚೂರು. ಶನಿವಾರ ಬೆಳಿಗ್ಗೆ ‘ಒಂದು ಚೂರು ಕೊಡೇ, ಇವತ್ತು ಗುಣ ಜಾಸ್ತಿಯಾಗೋ ಹಾಗಿದೆ’ ಅಂತ ಕೈ ಒಡ್ಡೋರು.”

“ಯಾಕೆ? ಬೇಡದಿದ್ರೆ ಬೇಡ ಅಂದಿದ್ರೆ ಆಗ್ತಿತ್ತಲ್ಲ!”

ಅವಳು ಚೀಲವನ್ನು ಇನ್ನೊಂದು ಮಂಡಿಗೆ ಬದಲಾಯಿಸಿದಳು. “ಅಕ್ಕ ಹೋದ್ಮೇಲೆ ನೀವು ಕುರ್ಚಿಗೆ ಬೇರು ಬಿಟ್ಟಿದ್ರಿ ಭಾವ. ಕರೆದ್ರೆ ಬರ್ತಿರಲಿಲ್ಲ. ‘ಅಣ್ಣನ ಕೈಗೆ ಸ್ಟೇರಿಂಗು ಕೊಟ್ರೆ ಎದ್ದು ಬರ್ತಾನೆ’ ಅಂದ್ರು. ಬಂದ್ರಿ. ಆಮೇಲೆ ನಾನೂ ಕೇಳ್ದೆ, ಸರಿ, ಇನ್ನು ಕೊಂಡುಬಿಡಿ ಅಂತ. ಅದಕ್ಕೆ ಇವರು, ‘ಕೊಂಡ್ರೆ ಅಣ್ಣ ನಮ್ಮನೆ ಡ್ರೈವರ್ ಆಗ್ತಾನೆ. ಕೊಳ್ಳದಿದ್ರೆ ನನ್ನ ಜೊತೆ ಸುತ್ತೋ ಅಣ್ಣ ಆಗಿರ್ತಾನೆ’ ಅಂದ್ರು. ಆಸೆ ಇಟ್ಕೊಂಡು ಹೋದ್ರಂತೆ! ಅವರ ಆಸೆ ಪ್ರತಿ ಶನಿವಾರ ತೀರ್ತಿತ್ತು.”

ಅಣ್ಣ ತಟ್ಟೆಯನ್ನು ಕೈಗೆತ್ತಿಕೊಂಡು ಹೆಬ್ಬೆರಳಿನ ಗುರುತನ್ನು ಮತ್ತೆ ನೋಡಿದ. ತಮ್ಮನ ಮನಸ್ಸಿಗೆ ಬೇಸರವಾಗದಿರಲಿ ಎಂದು ತಾನು ಹೋಗುತ್ತಿದ್ದ. ಅಣ್ಣನ ಬೇಸರ ಕಳೆಯಲಿ ಎಂದು ತಮ್ಮ ಬರುತ್ತಿದ್ದ. ಒಬ್ಬರಿಗೊಬ್ಬರು ದೊಡ್ಡ ಉಪಕಾರ ಮಾಡುತ್ತಿದ್ದೇವೆಂದುಕೊಂಡು ಇಬ್ಬರೂ ಟೈಯಪ್ಪನ ಟೀ ಕುಡಿದಿದ್ದರು.

“ಅದೆಲ್ಲ ಇರಲಿ,” ಎಂದಳು ಅವಳು, ದನಿ ಬದಲಾಯಿಸಿ. “ನನ್ನ ಮಂಡಿನೋವಿನ ಹೆಸರಲ್ಲಿ ಇಷ್ಟು ವರ್ಷ ಊರು ಸುತ್ತಿದ್ರಲ್ಲ ಅಣ್ಣತಮ್ಮ, ಒಂದು ದಿನ ಆದ್ರೂ ನನ್ನನ್ನ ಆ ಗಾಡೀಲಿ ಕೂರಿಸಿ ನೋಡಿದ್ರಾ? ಮಂಡಿ ಯಾರದು?”

ಇಷ್ಟು ನಟ್ಟು ಹಾಕಿದವರಿಗೆ ಆ ಒಂದು ಮಾತು ಹೊಳೆದಿರಲಿಲ್ಲ. ಅಣ್ಣ ತಲೆ ತಗ್ಗಿಸಿದ.

ಶನಿವಾರ ಬೆಳಿಗ್ಗೆ ಅವಳನ್ನು ಕರೆದುಕೊಂಡು ಷೋರೂಮಿಗೆ ಹೋದ. ಟೈಯಪ್ಪ ಎದ್ದು ನಿಂತು ಕೈಮುಗಿದ. ಅವನೇ ಬಾಗಿಲು ತೆರೆದು ಹಿಡಿದ. ಅವಳು ಮೊದಲು ಕುಳಿತು, ಆಮೇಲೆ ಕಾಲು ಒಳಗೆ ಎಳೆದುಕೊಂಡಳು. ಸೀಟು ಅವಳ ಸೊಂಟದ ಎತ್ತರಕ್ಕೇ ಇತ್ತು. ಬಗ್ಗಬೇಕಿಲ್ಲ, ಹತ್ತಬೇಕಿಲ್ಲ. “ಅಮ್ಮಾ” ಎಂಬ ನರಳಿಕೆಯಿಲ್ಲದೆ ಅವಳು ಎಲ್ಲಿಯಾದರೂ ಕುಳಿತದ್ದನ್ನು ಅಣ್ಣ ಈಚೆಗೆ ಕಂಡಿರಲಿಲ್ಲ. ತಕ್ಕಡಿಯನ್ನೇ ಮಗುಚಿಹಾಕುವಂಥ ಗುಣ ಇದೊಂದೇ ಇತ್ತು. ಅದನ್ನು ಯಾರೂ ತೂಗಿಯೇ ಇರಲಿಲ್ಲ.

ಮಾರುಕಟ್ಟೆಯ ಏರಿನಲ್ಲಿ ಗಾಡಿ ಎಂದಿನಂತೆ ಏದುಸಿರು ಬಿಟ್ಟಿತು. ಅಣ್ಣ ಗೇರು ಇಳಿಸಿ ಸಮಾಧಾನ ಮಾಡಿದ. ತಮ್ಮನ ಅಂಗಡಿಯ ಮುಚ್ಚಿದ ಶಟರು ಪಕ್ಕದಲ್ಲೇ ಹಾದುಹೋಯಿತು. ಇಬ್ಬರೂ ಆ ಕಡೆ ನೋಡಿದರು.

ತಿರುಗಿ ಬಂದು ಷೋರೂಮಿನ ಮುಂದೆ ನಿಲ್ಲಿಸಿದಾಗ ಟೈಯಪ್ಪ ಓಡಿಬಂದ. “ಹೇಗಿತ್ತು ಅಮ್ಮ?”

ಅವಳು ಸುತ್ತ ನೋಡಿದಳು. ಬಾಗಿಲ ಪ್ಲಾಸ್ಟಿಕ್ಕನ್ನು ಉಗುರಿನಿಂದ ಮೆಲ್ಲಗೆ ಕೆರೆದಳು. “ಕೂರೋಕೆ ಬಹಳ ಸುಖವಾಗಿದೆ. ಆದರೆ ಹಿಂದಿನ ಕಿಟಕಿ ಚಿಕ್ಕದಾಯ್ತು, ಅಲ್ವಾ ಭಾವ?” ಎಂದಳು. ಸೀಟಿಗೆ ಒರಗಿಕೊಂಡು, “ಮುಂದಿನ ಶನಿವಾರ ಇನ್ನೊಂದ್ಸಲ ನೋಡೋಣ,” ಎಂದಳು.

ಟೈಯಪ್ಪ ಮುಖ ಆಚೆ ತಿರುಗಿಸಿ ಟೈ ಸರಿಮಾಡಿಕೊಂಡ, ಆಮೇಲೆ ಟೀ ತರುತ್ತೇನೆಂದು ಒಳಗೆ ಹೋದ.

ಅಣ್ಣ ಕೀ ತೆಗೆಯಲಿಲ್ಲ. ಸ್ಟೇರಿಂಗು ಎಂದಿನಂತೆ ಸಣ್ಣಗೆ ನಡುಗುತ್ತಿತ್ತು. ಅದರ ಮೇಲೆ ಎರಡೂ ಕೈಯಿಟ್ಟು ಕಣ್ಣು ಮುಚ್ಚಿದ. ದೇವರೇ, ನನ್ನ ತಮ್ಮ ನಿನ್ನ ಅಂಗಡಿಗೆ ಬಂದಿದ್ದಾನೆ. ಜೀವಮಾನವೆಲ್ಲ ಊರಿನ ತಕ್ಕಡಿಗಳನ್ನು ನೆಟ್ಟಗೆ ಮಾಡಿದ, ತನ್ನದೊಂದನ್ನು ಮಾತ್ರ ನನಗಾಗಿ ಸೊಟ್ಟ ಮಾಡಿಕೊಂಡ. ಅವನನ್ನು ತೂಗುವ ಹೊತ್ತಿನಲ್ಲಿ ಅದನ್ನು ದೋಷದ ತಟ್ಟೆಗೆ ಹಾಕಬೇಡ. ಹಾಕಲೇಬೇಕೆಂದಿದ್ದರೆ, ಗುಣದ ತಟ್ಟೆಯ ಅಡಿಗೆ ನೀನೂ ಒಂದು ಚೂರು ಮೇಣ ಮೆತ್ತು, ಯಾರೂ ತಿರುವಿ ನೋಡುವುದಿಲ್ಲ. ಅವನಿಗೆ ಶಾಂತಿ ಕೊಡು ತಂದೆ.