ಕಾಲುಂಗುರದ ಜಾಗದಲ್ಲಿ ದಾರ

ನೀಲಕ್ಕನ ಕೈ ನೋಡಿದವರು ಅವಳ ಕಾಲನ್ನು ಊಹಿಸಿಕೊಳ್ಳಲಾರರು. ಬಿಸಿನೀರು, ಜೋಳದ ಹಿಟ್ಟಿನಲ್ಲಿ ಆಡಿ ಆಡಿ ಕೈಗಳು ಹತ್ತಿಯ ಹಾಗೆ ಮೆತ್ತಗಾಗಿದ್ದವು. ಒಲೆಯ ಮುಂದೆ ಸಿಮೆಂಟಿನ ನೆಲದ ಮೇಲೆ ನಿಂತು ನಿಂತು ಹಿಮ್ಮಡಿ ಮಾತ್ರ ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದಿತ್ತು. ಬಿರುಕಿನೊಳಗೆ ಹಿಟ್ಟು ಹೊಕ್ಕು ಬೆಳ್ಳನೆಯ ಗೆರೆಗಳು ಮೂಡುತ್ತಿದ್ದವು. ಹಾಸಿಗೆಯಲ್ಲಿ ಕಾಲು ಚಾಚಿದರೆ ದುಪ್ಪಟಿಯ ನೂಲು ಸಿಕ್ಕಿಕೊಳ್ಳುತ್ತಿತ್ತು. ಜಾಲಹಳ್ಳಿಯ ಕಾರ್ಖಾನೆಗಳಿಗೆ ಬಂದ ಬಾಗಲಕೋಟೆ, ವಿಜಯಪುರದ ಹುಡುಗರಲ್ಲಿ ಅವಳ ರೊಟ್ಟಿ ತಿನ್ನದವರು ಕಡಿಮೆ. ಅವಳ ಹಿಮ್ಮಡಿ ಕಂಡವರು ಅದಕ್ಕಿಂತ ಕಡಿಮೆ. ಅಂಚು ನೆಲ ಗುಡಿಸುವಷ್ಟು ಇಳಿಬಿಟ್ಟು ಸೀರೆ ಉಡುವುದನ್ನು ಅವಳು ರೂಢಿ ಮಾಡಿಕೊಂಡಿದ್ದಳು.

ಈಗ ಆ ಕಾಲನ್ನೇ ನಾಲ್ಕು ಜನರ ಮುಂದೆ ಚಾಚಬೇಕಾಗಿ ಬಂದಿತ್ತು.

ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ರಕ್ಷಾ ಯಲಹಂಕದ ಕಾಲೇಜೊಂದರಲ್ಲಿ ಪಾಠ ಹೇಳುವ ಹುಡುಗಿ. ಈಗ ತುಂಬು ಬಸುರಿ. ತಾಯಿ ಅವಳ ಮದುವೆಗೆ ಮುಂಚೆಯೇ ತೀರಿಕೊಂಡಿದ್ದಳು. ಮರುದಿನ ಅವಳ ಕುಬಸ, ಅಂದರೆ ಸೀಮಂತ. ಅತ್ತೆ, ಮಾವ ಇಳಕಲ್ಲಿನಿಂದ ಬಂದಿಳಿದಿದ್ದರು. ಅವರ ಮನೆಯ ಪದ್ಧತಿಯಲ್ಲಿ ಬಸುರಿಯು ಮೊದಲು ತನ್ನ ತಾಯಿಯ ಕಾಲು ತೊಳೆದು ಅರಿಶಿನ ಹಚ್ಚಬೇಕು. ಆಮೇಲೆಯೇ ಹಸಿರು ಸೀರೆ, ಹಸಿರು ಬಳೆ. ತಾಯಿ ಇಲ್ಲದಿದ್ದರೆ ಆ ಮಣೆಯ ಮೇಲೆ ಒಬ್ಬ ಮುತ್ತೈದೆ ಕೂರಬೇಕು. ರಕ್ಷಾ ಕೆಳಗಿಳಿದು ಬಂದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಕೇಳಿದ್ದಳು.

"ಚಿಗವ್ವಾ, ನೀವ ಕೂಡ್ರಬೇಕು. ನೀವು ಒಲ್ಲೆ ಅಂದ್ರ ಆ ಮಣಿ ಖಾಲಿನ ಇರ್ತದ."

ಹಾಗೆ ಕೇಳಿದವಳಿಗೆ ಕಾಲು ಒಡೆದಿದೆ ಎಂದು ಹೇಳುವುದು ಹೇಗೆ? ನೀಲಕ್ಕ ಹೂಂ ಅಂದುಬಿಟ್ಟಿದ್ದಳು. ಪಾರ್ಲರಿಗೆ ಹೋಗಿ ಯಾರೋ ಹೆತ್ತ ಮಗಳ ಕೈಗೆ ಕಾಲು ಕೊಟ್ಟು ಕೂರುವುದು ಅವಳಿಂದಾಗದ ಮಾತು. ಹಾಗಾಗಿ ಮಧ್ಯಾಹ್ನದ ರೊಟ್ಟಿ ಕೆಲಸ ಮುಗಿಸಿ, ಗಂಡ ಚನ್ನಪ್ಪ ಅರಿಶಿನ ಕೊಂಬು, ಹೂವು ತರಲು ಯಶವಂತಪುರದ ಮಾರ್ಕೆಟ್ಟಿಗೆ ಹೋದ ಹೊತ್ತು ನೋಡಿ, ಹಿತ್ತಲ ಕಟ್ಟೆಯ ಮೇಲೆ ಬಟ್ಟೆ ನೆನೆಸುವ ಟಬ್ಬು ಇಟ್ಟುಕೊಂಡು ತಾನೇ ಕುಳಿತಳು. ಹೇಗೆ ಮಾಡುವುದೆಂದು ಫೋನಿನಲ್ಲಿ ನೋಡಿಕೊಂಡಿದ್ದಳು. ಫೋನಿನ ಹುಡುಗಿ ನೀರಿಗೆ ಗುಲಾಬಿ ಪಕಳೆ ಹಾಕಿದ್ದಳು. ನೀಲಕ್ಕ ಕಲ್ಲುಪ್ಪು ಹಾಕಿ, ಹಿಂಡಿ ಬಿಸಾಡಬೇಕಾಗಿದ್ದ ನಿಂಬೆ ಸಿಪ್ಪೆಯನ್ನೂ ಹಾಕಿದಳು. ನೀರು ಸುಡುಸುಡುವಂತೆಯೇ ಇತ್ತು. ಬಿಸಿಯಾದಷ್ಟೂ ಒಳ್ಳೆಯದು ಎಂದುಕೊಂಡಳು.

ಎರಡೂ ಕಾಲು ನೀರಿನಲ್ಲಿ ಮುಳುಗಿದಾಗ ಅವಳ ಬಾಯಿಂದ ತಾನಾಗಿಯೇ ಒಂದು ಉಸಿರು ಹೊರಬಿತ್ತು. ಇಷ್ಟು ವರ್ಷ ಈ ಕಾಲುಗಳಿಗೆ ತಾನು ಕೊಟ್ಟದ್ದು ಸ್ನಾನದ ಕೊನೆಯ ಚೊಂಬಿನ ನೀರು ಮಾತ್ರ ಎಂದು ಹೊಳೆಯಿತು. ಕಲ್ಲಿನಿಂದ ಹಿಮ್ಮಡಿ ತಿಕ್ಕತೊಡಗಿದಳು. ಸತ್ತ ಚರ್ಮ ಬೂದಿಯ ಹಾಗೆ ಏಳುತ್ತಿತ್ತು. ಎಡಪಾದದ ಮೇಲೆ ಕಾದ ಹಂಚು ಬಿದ್ದ ಕಲೆ. ಹೆಬ್ಬೆರಳ ಉಗುರು ಒಂದು ಕಡೆ ಮಡಚಿಕೊಂಡದ್ದು, ಮಾಕಳಿಯ ಗಿರಣಿಯಿಂದ ಜೋಳದ ಹಿಟ್ಟಿನ ಮೂಟೆ ಇಳಿಸುವಾಗ. ಈ ಕಾಲುಗಳು ಯಾವತ್ತಾದರೂ ಒಂದು ದಿನ ನಿಲ್ಲಲಾರೆ ಎಂದಿದ್ದರೆ ಮನೆ ಏನಾಗುತ್ತಿತ್ತು? ಗಂಡನ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಅನ್ನ ಹಾಕಿದ್ದು ಕೈ ಎಂದು ಎಲ್ಲರೂ ಹೊಗಳಿದರು. ಕೈಯನ್ನು ಹೊತ್ತು ನಿಂತದ್ದು ಯಾವುದು ಎಂದು ಯಾರೂ ಕೇಳಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. ಪಾಪ, ಎಂದು ಪಾದವನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಒತ್ತಿದಳು.

ಆಗಲೇ ಬಲಗಾಲಿನ ಬೆರಳು ಮಿಡಿಯಿತು. ಕಾಲುಂಗುರದ ಬೆರಳು.

ಆ ಉಂಗುರ ಕೆಲವು ತಿಂಗಳಿಂದ ಕಚ್ಚುತ್ತಿತ್ತು. ಗಂಡ ಇರುವವಳು ಅದನ್ನು ತೆಗೆಯಬಾರದೆಂದು ತನ್ನ ಅತ್ತೆ ಹೇಳಿದ್ದ ಮಾತಿಗೆ ಕಟ್ಟುಬಿದ್ದು ಅವಳು ಸುಮ್ಮನಿದ್ದಳು. ಈಗ ಬಿಸಿನೀರಿಗೆ ಬೆರಳು ಬದನೆಕಾಯಿಯ ಹಾಗೆ ಉಬ್ಬಿ, ಬೆಳ್ಳಿಯ ಸುತ್ತು ಮಾಂಸದೊಳಗೆ ಹೂತುಹೋಗಿತ್ತು. ಎಣ್ಣೆ ಹಚ್ಚಿ ಎಳೆದಳು, ಸೋಪು ಹಚ್ಚಿ ತಿರುವಿದಳು. ಎಳೆದಷ್ಟೂ ಉಬ್ಬಿತು. ಬೆರಳ ತುದಿ ಕಪ್ಪಗಾಗತೊಡಗಿದಾಗ ಅವಳಿಗೆ ಭಯವಾಯಿತು. ದವಾಖಾನೆಗೆ ಹೋದರೆ ಕತ್ತರಿಸುತ್ತಾರೆ. ಉಂಗುರ ಕತ್ತರಿಸಿಕೊಂಡು ಬಂದವಳು ನಾಳೆ ತಾಯಿಯ ಮಣೆಯ ಮೇಲೆ ಹೇಗೆ ಕೂತಾಳು?

ಚನ್ನಪ್ಪ ಚೀಲ ಹಿಡಿದು ಬಂದಾಗ ಅವಳು ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. ಅವನು ಟಬ್ಬು ನೋಡಿದ, ಅವಳ ಮುಖ ನೋಡಿದ, ಕೆಳಗೆ ಕೂತು ತಾನೇ ಅಂಚು ಸರಿಸಿದ. ಬೈಯಲಿಲ್ಲ. ಬಿಸಿನೀರು ಚೆಲ್ಲಿ, ಫ್ರಿಜ್ಜಿನ ನೀರು ತಂದು ಸುರಿದು, ಆಮೇಲೆ ಕಾಲನ್ನು ಹಿಟ್ಟಿನ ಡಬ್ಬಿಯ ಮೇಲೆ ಎತ್ತಿಡಿಸಿದ. ಸ್ವಲ್ಪ ಹೊತ್ತಿಗೆ ಬೆರಳ ಊತ ಕೊಂಚ ಇಳಿಯಿತು. ಅವನು ಹೊಲಿಗೆಯ ದಾರದುಂಡೆ ಕೈಗೆತ್ತಿಕೊಂಡಾಗ ನೀಲಕ್ಕ ತಡೆದಳು.

"ತಗೀಬ್ಯಾಡ್ರಿ. ನಾಳೆ ಮುತ್ತೈದಿ ಅಂತ ಕೂಡ್ರಾಕಿ ನಾನು."

"ಮುತ್ತೈದಿ ಆಗಾಕ ನಾ ಇರಬೇಕು, ಉಂಗುರ ಅಲ್ಲ," ಅಂದ ಚನ್ನಪ್ಪ. "ಇಲ್ಲೇ ಕುಂತೀನಿ ನೋಡು. ಬೇಕಾದ್ರ ಮುಟ್ಟಿ ನೋಡು."

ನೋವಿನಲ್ಲೂ ಅವಳಿಗೆ ನಗು ಬಂತು. ಆದರೂ ಅವಳ ಮನಸ್ಸು ಅವನಿಗೆ ಗೊತ್ತಿತ್ತು. ಸವೆದ ಕಾಲುಂಗುರ ಬದಲಿಸುವಾಗ ಅವನ ತಾಯಿ ಬೆರಳನ್ನು ಬರಿದಾಗಿ ಬಿಡುತ್ತಿರಲಿಲ್ಲ. ಮೊದಲು ಅರಿಶಿನದ ದಾರ ಕಟ್ಟಿ, ಆಮೇಲೆ ಹಳೆಯದನ್ನು ತೆಗೆಯುತ್ತಿದ್ದಳು. ಚನ್ನಪ್ಪ ಅದನ್ನೇ ಮಾಡಿದ. ದಾರವನ್ನು ಅರಿಶಿನದಲ್ಲಿ ಅದ್ದಿ ಬೆರಳ ಬುಡಕ್ಕೆ ಕಟ್ಟಿದ. ಇನ್ನೊಂದು ದಾರದ ತುದಿಯನ್ನು ಉಂಗುರದಡಿ ತೂರಿಸಿ, ಉಳಿದದ್ದನ್ನು ಬೆರಳ ತುದಿಯತ್ತ ಬಿಗಿಯಾಗಿ ಸುತ್ತಿದ. ಒಳತುದಿ ಹಿಡಿದು ಸುತ್ತು ಬಿಚ್ಚುತ್ತ ಬಂದಂತೆ ಉಂಗುರ ದಾರದ ಮೇಲೆ ತೆವಳುತ್ತ ತೆವಳುತ್ತ ಹೊರಬಂತು. ಅದರಡಿಯಲ್ಲಿ ಒಂದು ಬೆಳ್ಳನೆಯ ಚರ್ಮದ ಪಟ್ಟಿ ಇತ್ತು. ಬಿಸಿಲು, ಹಿಟ್ಟು, ನೆಲ ಯಾವುದನ್ನೂ ಕಾಣದ, ಮದುವೆಯ ದಿನದಷ್ಟೇ ಎಳೆಯ ಚರ್ಮ. ಇಬ್ಬರೂ ಅದನ್ನು ನೋಡಿದರು. ಅವನು ಕೊಬ್ಬರಿ ಎಣ್ಣೆ ತಂದು ಅವಳ ಎರಡೂ ಹಿಮ್ಮಡಿಗೆ ಹಚ್ಚಿದ. ಗಂಡ ಕಾಲು ಮುಟ್ಟಬಾರದು ಎಂದು ಅವಳು ಹೇಳಬೇಕಿತ್ತು, ಹೇಳಲಿಲ್ಲ.

ಮರುದಿನ ಬೆಳಿಗ್ಗೆಯೂ ಬೆರಳು ಉಂಗುರ ಹಿಡಿಸುವಂತಿರಲಿಲ್ಲ. ನೀಲಕ್ಕ ದಾರ ಕಟ್ಟಿದ ಬೆರಳಿನಲ್ಲೇ ಮೇಲಿನ ಮನೆಗೆ ಹೋಗಿ ಮಣೆಯ ಮೇಲೆ ಕೂತಳು. ಹಿಮ್ಮಡಿ ಎಣ್ಣೆ ಹಚ್ಚಿದ ಮಣ್ಣಿನ ಮಡಕೆಯ ಹಾಗೆ ಹೊಳೆಯುತ್ತಿತ್ತು. ಅದರ ಮೇಲೆ ಯಾರ ಕಣ್ಣೂ ನಿಲ್ಲಲಿಲ್ಲ. ಕಣ್ಣು ನಿಂತದ್ದು ದಾರದ ಮೇಲೆ. ರಕ್ಷಾಳ ಅತ್ತೆ ಬಸಲಿಂಗವ್ವ ಆರತಿ ತಟ್ಟೆ ಹಿಡಿದಿದ್ದವರು ಬಗ್ಗಿ ನೋಡಿದರು.

"ಬಲಗಾಲಿನ ಕಾಲುಂಗುರ ಎಲ್ಲಿ?"

ಸುತ್ತಲಿದ್ದ ಹೆಂಗಸರೂ ಕತ್ತು ಚಾಚಿದರು. ನೀಲಕ್ಕ ಕಾಲು ಹಿಂದಕ್ಕೆಳೆಯಲು ನೋಡಿದಳು. ಆದರೆ ಪಾದ ಆಗಲೇ ರಕ್ಷಾಳ ಕೈಯಲ್ಲಿತ್ತು. ಹೊಟ್ಟೆ ಹೊತ್ತುಕೊಂಡು ಕಷ್ಟಪಟ್ಟು ಬಗ್ಗಿದ್ದ ಹುಡುಗಿ ಪಾದವನ್ನು ಬಿಡಲಿಲ್ಲ. ನೀಲಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಉಂಗುರ ಕಚ್ಚಿತ್ತು, ಗಂಡ ದಾರ ಕಟ್ಟಿ ತೆಗೆದರು, ಇದು ತಪ್ಪಾದರೆ ಬೇರೆಯವರನ್ನು ಕೂಡಿಸಿ.

ಬಸಲಿಂಗವ್ವ ದಾರವನ್ನು ಇನ್ನೊಮ್ಮೆ ನೋಡಿದರು.

"ಗಂಡನ ಕೈಲೆ ಕಟ್ಟಿದ್ದೇನು?"

"ಹೌದ್ರಿ."

"ಮತ್ತ ಯಾಕ ತಡ? ಹಚ್ಚವಾ, ಅರಿಶಿನ ಹಚ್ಚು."

ರಕ್ಷಾಳ ಬೆರಳು ಹಿಮ್ಮಡಿಯ ಉದ್ದಕ್ಕೂ ಹರಿದಾಗ, ಎಣ್ಣೆ ಕುಡಿದು ಮೆತ್ತಗಾದ ಬಿರುಕಿಗೆ ಅರಿಶಿನ ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ದಾರದ ಬಳಿ ಬಂದಾಗ ಆ ಬೆರಳು ನಿಧಾನವಾಯಿತು, ನೋಯದ ಹಾಗೆ ಸುತ್ತು ಬಳಸಿ ಹೋಯಿತು. ನೀಲಕ್ಕ ಹುಡುಗಿಯ ತಲೆಯ ಮೇಲೆ ಕೈಯಿಟ್ಟಳು.

ಊಟವಾದ ಮೇಲೆ ಬಸಲಿಂಗವ್ವ ಗೋಡೆ ಹಿಡಿದುಕೊಂಡು ಕೆಳಗಿಳಿದು ಬಂದರು. ಬಾಗಿಲು ಮುಂದೆ ಮಾಡಿ, ಸೀರೆಯ ಅಂಚೆತ್ತಿ ಕಾಲು ತೋರಿಸಿದರು. ಎರಡೂ ಬೆರಳು ಉಂಗುರದ ಸುತ್ತ ಕೆಂಪಗೆ ಬಾತಿದ್ದವು. ಯಾರಿಗೂ ಹೇಳಿರಲಿಲ್ಲವಂತೆ. ಹೇಳಿದರೆ ಕತ್ತರಿಸುತ್ತಾರೆಂಬ ಅದೇ ಹೆದರಿಕೆ.

"ನಿಮ್ಮನಿಯವರು ಹ್ಯಾಂಗ ತಗದ್ರು, ಅದನ್ನ ನಮ್ಮವರಿಗೆ ಸ್ವಲ್ಪ ಹೇಳಿಕೊಡ್ರಿ."

ನೀಲಕ್ಕ ಟಬ್ಬು ಹೊರತೆಗೆದಳು, ಈ ಸಲ ತಣ್ಣೀರು ತುಂಬಿದಳು. ರಕ್ಷಾಳ ಮಾವ ಶಿವಪುತ್ರಪ್ಪ ಕನ್ನಡಕ ಏರಿಸಿಕೊಂಡು ನೆಲದ ಮೇಲೆ ಕೂತು ದಾರದ ತುದಿ ಹುಡುಕತೊಡಗಿದರು. ಬಾಗಿಲಾಚೆ ನಿಂತ ಚನ್ನಪ್ಪ ಒಳಗೆ ಇಣುಕದೆ, ಒಳತುದಿ ಹಿಡೀರಿ, ಹೊರತುದಿ ಅಲ್ಲ, ಎಂದು ಕೂಗಿ ಹೇಳುತ್ತಿದ್ದ. ನೀಲಕ್ಕ ಕಲ್ಲು ತೊಳೆದು ಬಸಲಿಂಗವ್ವನ ಕೈಗೆ ಕೊಟ್ಟಳು, ಕಾಲು ನೆಂದಾಗಲೇ ಹಿಮ್ಮಡಿಯನ್ನೂ ಒಂದಿಷ್ಟು ತಿಕ್ಕಿಕೊಳ್ಳಲಿ ಎಂದು. ಹೊರಗಿನಿಂದ ಬರುತ್ತಿದ್ದ ಗಂಡನ ಧ್ವನಿ ಕೇಳುತ್ತ, ತನ್ನ ಕಾಲ ಬೆರಳಿನ ಹಳದಿ ದಾರವನ್ನು ಇನ್ನೊಂದು ಕಾಲಿನಿಂದ ಮೆಲ್ಲಗೆ ಮುಟ್ಟಿಕೊಂಡಳು.