ಹೆಗಡೇರ ಮನೆ ಸೀರೆ

"ಹುಲಗೋಳ ಹೆಗಡೇರ ಮನೆ ಸೀರೆ ಅಲ್ಲನ? ಅದನ್ನ ಕಟ್ಟಿಟ್ಟು ಎರಡು ದಿನ ಆತು," ಎನ್ನುತ್ತ ಸೀರೆ ಅಂಗಡಿಯ ಗೋವಿಂದ ಕೌಂಟರಿನ ಅಡಿಯಿಂದ ಸುತಳಿ ಬಿಗಿದ ಗಂಟೊಂದನ್ನು ಎಳೆದು ತಿಮ್ಮಿಯ ಮುಂದೆ ದೊಪ್ಪನೆ ಇಟ್ಟ. ಗಂಟಿಗೆ ಚುಚ್ಚಿದ್ದ ಚೀಟಿಯನ್ನು ತಿಮ್ಮಿ ಓದಲಾರಳು. ಆದರೆ ಕಾಗದ ಹರಿದ ಕಡೆ ಇಣುಕುತ್ತಿದ್ದ ಅರಿಸಿನ ಬಣ್ಣವನ್ನೂ ಹಸಿರು ಅಂಚನ್ನೂ ಗುರುತಿಸಲು ಅವಳಿಗೆ ಅಕ್ಷರ ಬೇಕಿರಲಿಲ್ಲ. ಈ ವರ್ಷದ ತನ್ನ ಸೀರೆ ಯಾವುದೆಂದು ಹಬ್ಬಕ್ಕೆ ಎರಡು ದಿನ ಮೊದಲೇ ಅವಳಿಗೆ ಗೊತ್ತಾಗಿ ಹೋಯಿತು.

"ಇದಲ್ಲ," ಎಂದಳು.

"ಇದೇ. ಐದು ಸೀರೆ, ವರ್ಷಾ ಇದೇ. ತಕಂಡು ಹೋಗು, ಹೆಗಡೇರಿಗೆ ಪೇಟೆಗೆ ಬರೂ ತ್ರಾಸು ತಪ್ತದೆ," ಎಂದವನೇ ಗೋವಿಂದ ಬೇರೆ ಗಿರಾಕಿಯ ಕಡೆ ತಿರುಗಿಬಿಟ್ಟ.

ಅವನದೇನೂ ತಪ್ಪಿರಲಿಲ್ಲ. ಅಂಗಡಿಯ ಮೆಟ್ಟಿಲು ಹತ್ತಿದವಳೇ ತಿಮ್ಮಿ ಕೇಳಿದ್ದು 'ಹೆಗಡೇರ ಮನೆ ಸೀರೆ' ಎಂದು. ಸಿರಸಿ ಸೀಮೆಯಲ್ಲಿ ಆ ಮಾತಿಗಿರುವುದು ಒಂದೇ ಅರ್ಥ: ದೊಡ್ಡಹಬ್ಬಕ್ಕೆ, ಅಂದರೆ ದೀಪಾವಳಿಗೆ, ಹೆಗಡೆಯವರ ಮನೆಯಿಂದ ಕೆಲಸದ ಹೆಂಗಸರಿಗೆ ಸಿಗುವ ಸೀರೆ. ಅಂಗಡಿಯವರು ಅದನ್ನು ಇನ್ನೂ ಮೋಟು ಮಾಡಿ 'ಆಳಿನ ಸೀರೆ' ಎನ್ನುತ್ತಾರೆ. ಹೆಗಡೆಯವರ ಮನೆಗೆ ಯಾರಾದರೂ ಕೊಡುವ ಸೀರೆಯನ್ನೂ ಅದೇ ಮಾತಿನಲ್ಲಿ ಹೇಳಬಹುದು ಎಂಬುದು ಅಲ್ಲಿಯವರೆಗೆ ಯಾರ ತಲೆಗೂ ಹೊಳೆದಿರಲಿಲ್ಲ. ತಿಮ್ಮಿಯ ತಲೆಗೆ ಹೊಳೆದು ಹದಿನೈದು ದಿನವಾಗಿತ್ತು.

ಅವಳ ಮಗಳು ನಾಗಿ ಯಲ್ಲಾಪುರದ ಆಸ್ಪತ್ರೆಯಲ್ಲಿ ನರ್ಸ್ ಆಗಿ ಸೇರಿ ಆಗಷ್ಟೇ ಮೂರು ತಿಂಗಳು. ಮೊದಲ ಸಂಬಳದಲ್ಲಿ ಉಳಿಸಿದ್ದನ್ನು ಲಕೋಟೆಯಲ್ಲಿಟ್ಟು ತಾಯಿಯ ಕೈಗೆ ಕೊಟ್ಟು, ಈ ಸಲ ಅಂಗಡಿಗೆ ಹೋಗಿ ಕುಳಿತು ನಿನಗೆ ಬೇಕಾದ ಸೀರೆ ತಕೋ ಎಂದು ತಾಕೀತು ಮಾಡಿ ಹೋಗಿದ್ದಳು. ತಿಮ್ಮಿ ಟ್ರಂಕು ತೆರೆದು ನೋಡಿದಳು. ಇಪ್ಪತ್ತೆರಡು ವರ್ಷದ ಹಬ್ಬದ ಸೀರೆಗಳು, ಒಂದು ವರ್ಷ ಅರಿಸಿನಕ್ಕೆ ಹಸಿರು ಅಂಚಾದರೆ ಮತ್ತೊಂದು ವರ್ಷ ಹಸಿರಿಗೆ ಅರಿಸಿನ ಅಂಚು. ಉಡುವುದಕ್ಕೆ ಅವಳಿಗೆ ಕೊರತೆಯಿರಲಿಲ್ಲ. ಕೊರತೆ ಇದ್ದದ್ದು ಬೇರೆ ಕಡೆ. ಪ್ರತಿ ವರ್ಷ ಪಾಡ್ಯದ ದಿನ ಗೋಪೂಜೆ ಮುಗಿಸಿ ಹೆಗಡೆಯವರ ಹೆಂಡತಿ ಪರಿಮಳಮ್ಮ ಜಗಲಿಯ ಅಂಚಿಗೆ ಬಂದು ನಿಲ್ಲುತ್ತಿದ್ದರು. ಅಂಗಳದಲ್ಲಿ ನಿಂತ ಹೆಂಗಸರು ಒಡ್ಡಿದ ಕೈಗೆ ಎಲೆ ಅಡಿಕೆ ಇಟ್ಟ ಸೀರೆ ಬೀಳುತ್ತಿತ್ತು. ಆ ಹೊತ್ತಿಗೆ ಪರಿಮಳಮ್ಮನ ಮುಖದಲ್ಲಿ ಒಂದು ಕಳೆ ಬರುತ್ತಿತ್ತು. ಅದು ಉಟ್ಟ ರೇಷ್ಮೆಯದಲ್ಲ, ಕೊಡುವ ಸಂತೋಷದ್ದು. ಅಂಥ ಕಳೆ ಜೀವಮಾನದಲ್ಲಿ ಒಮ್ಮೆಯಾದರೂ ತನ್ನ ಮುಖಕ್ಕೆ ಬರಬೇಕು ಎಂದು ತಿಮ್ಮಿಗೆ ಬಲವಾದ ಆಸೆಯಾಯಿತು.

ಆ ದುಡ್ಡಿನಲ್ಲಿ ಪರಿಮಳಮ್ಮನಿಗೆ ಸೀರೆ ಕೊಡುತ್ತೇನೆಂದು ನಾಗಿಗೆ ಫೋನಿನಲ್ಲಿ ಹೇಳಿದಾಗ ಅವಳು ಬೈದಳು. ಅವರಿಗೇನು ಸೀರೆಗೆ ಬರಗಾಲವೇ, ಕಪಾಟಿನ ಮೂಲೆಗೆ ಹಾಕುತ್ತಾರೆ, ಬೆನ್ನ ಹಿಂದೆ ನಗುತ್ತಾರೆ ಎಂದಳು. "ನಗೂವಂಥ ಸೀರೆ ತಂದ್ರೆ ಅಲ್ಲನ ನಗೂದು," ಎಂದು ತಿಮ್ಮಿ ಫೋನಿಟ್ಟಿದ್ದಳು. ಹೇಳುವುದೇನೋ ಹೇಳಿದಳು, ಆದರೆ ಅಂದಿನಿಂದ ಅವಳಿಗೆ ಅದೇ ಚಿಂತೆಯಾಗಿತ್ತು. ಸೀರೆ ಕಪಾಟಿನ ಮೂಲೆ ಸೇರಬಾರದು. ಪರಿಮಳಮ್ಮ ಅದನ್ನು ಉಡಬೇಕು.

ಪೇಟೆಗೆ ಹೊರಟಿದ್ದು ಇದೊಂದೇ ಕೆಲಸಕ್ಕಾಗಿದ್ದರೆ ಎಷ್ಟು ಚೆನ್ನಾಗಿತ್ತು. ತಿಮ್ಮಿ ಸಿರಸಿಗೆ ಹೋಗುತ್ತಾಳೆ ಎಂಬ ಸುದ್ದಿ ಹಬ್ಬಿದ್ದೇ ತಡ ಇಡೀ ಕೇರಿ ತನ್ನ ಹಬ್ಬವನ್ನೆಲ್ಲ ಅವಳ ಚೀಲಕ್ಕೆ ತುಂಬಿತ್ತು. ಒಬ್ಬಳಿಗೆ ಮಣ್ಣಿನ ಹಣತೆ, ಇನ್ನೊಬ್ಬಳಿಗೆ ಹೊಲಿಯಲು ಕೊಟ್ಟ ರವಿಕೆ, ಪಕ್ಕದ ಮನೆಯ ಮಗುವಿಗೆ ಚಪ್ಪಲಿ. ಚಪ್ಪಲಿಯ ಅಳತೆಗೆಂದು ಬಾಳೆನಾರಿಗೆ ಗಂಟು ಹಾಕಿ ಕೊಟ್ಟಿದ್ದರು. ಬಸ್ಸಿನ ನೂಕುನುಗ್ಗಲಿನಲ್ಲಿ ನಾರು ಹರಿದು ಎರಡಾಯಿತು, ಯಾವ ತುಂಡಿನಲ್ಲಿ ಮಗುವಿನ ಪಾದವಿದೆ ಎಂದು ದೇವರೇ ಹೇಳಬೇಕಿತ್ತು. ರವಿಕೆ ಹೊಲಿಯುವ ಖುರ್ಷಿದಾ ತಲೆ ಎತ್ತದೆ ಮಶೀನು ತುಳಿಯುತ್ತಲೇ ಗುಂಡಿ ಹಾಕುವುದೊಂದು ಬಾಕಿ, ಮೂರು ಗಂಟೆಗೆ ಬಾ ಎಂದಳು. ಬೆಳಿಗ್ಗೆಯೂ ಅವಳು ಅದನ್ನೇ ಹೇಳಿದ್ದಳು. ದೇವಿಕೆರೆಯಿಂದ ಐದು ರಸ್ತೆಯವರೆಗೆ ಕಾಲಿಡಲು ಜಾಗವಿರಲಿಲ್ಲ. ಗೊಂಡೆ ಹೂವಿನ ರಾಶಿ, ಪಟಾಕಿಯ ಮೇಜು, ಹಾರ್ನು ಬಾರಿಸುವ ಟೆಂಪೋ. ಯಾರೋ ತುಳಿದು ಅವಳ ಚಪ್ಪಲಿಯ ಉಂಗುಷ್ಠವೂ ಕಿತ್ತುಹೋಗಿತ್ತು. ಎರಡು ಸೀರೆ ಅಂಗಡಿಗಳಲ್ಲಿ ಬಾಗಿಲಿನಲ್ಲೇ ನಿಲ್ಲಿಸಿ ಆಳಿನ ಸೀರೆಯ ರಾಶಿ ತೋರಿಸಿದರು. ಕೊನೆಗೆ ಹೆಗಡೆಯವರ ಮನೆಯ ಚೀಲಗಳ ಮೇಲೆ ವರ್ಷವೂ ನೋಡಿದ ನವಿಲಿನ ಗುರುತು ಹಿಡಿದು ಈ ಅಂಗಡಿಗೆ ಬಂದರೆ ಇಲ್ಲಿಯೂ ಅದೇ ಗಂಟು.

ತಿಮ್ಮಿಗೆ ಸಿಟ್ಟು ಬಂತು. ಸಿಟ್ಟು ಬಂದರೆ ಅವಳು ಕೂಗುವವಳಲ್ಲ, ಕೂತುಬಿಡುವವಳು. ಕಿತ್ತ ಚಪ್ಪಲಿಯನ್ನು ಬಾಗಿಲ ಹತ್ತಿರ ಬಿಟ್ಟು, ಹಣತೆಯ ಚೀಲವನ್ನು ಗೋಡೆಗೆ ಒರಗಿಸಿ, ಬಿಳಿ ಬಟ್ಟೆ ಹಾಸಿದ್ದ ಗಾದಿಯ ನಟ್ಟನಡುವೆ ಕಾಲು ಮಡಚಿ ಕೂತಳು. ಅದು ಗಿರಾಕಿಗಳು ಕೂತು ಸೀರೆ ನೋಡುವ ಜಾಗ. ಗಂಟು ತೆಗೆದುಕೊಂಡು ಹೋಗುವವರು ಅಲ್ಲಿ ಕೂರುವ ರೂಢಿಯಿರಲಿಲ್ಲ. ಅಕ್ಕಪಕ್ಕದಲ್ಲಿದ್ದ ಇಬ್ಬರು ಹೆಂಗಸರು ಸ್ವಲ್ಪ ಸರಿದರು.

ಗೋವಿಂದ ಬಂದು ನಿಂತ. "ಎಂತಾತು?"

"ಹೆಗಡೇರ ಮನೆ ಅಮ್ಮೋರಿಗೆ ಉಡೂಕೆ ಸೀರೆ ಬೇಕು. ಹೆಗಡೇರು ಕೊಡೂದಲ್ಲ, ನಾ ಕೊಡೂದು. ಹಾಸಿ ತೋರ್ಸು."

ಗೋವಿಂದ ಒಮ್ಮೆ ಅವಳ ಮುಖ ನೋಡಿದ, ಒಮ್ಮೆ ಗಂಟು ನೋಡಿದ. ಎಷ್ಟರೊಳಗಿನದು ಎಂದು ಕೇಳಿದ್ದಕ್ಕೆ ಮೊದಲು ಸೀರೆ ಬರಲಿ ಎಂಬ ಉತ್ತರ ಬಂತು. ಅವನು ಒಲ್ಲದ ಮನಸ್ಸಿನಿಂದ ನಾಲ್ಕು ಸೀರೆ ತೆಗೆದು ಮುಂದೆ ಹಾಕಿದ. ತಿಮ್ಮಿ ಕಣ್ಣಿನಿಂದ ನೋಡಲಿಲ್ಲ, ಕೈಯಿಂದ ನೋಡಿದಳು. ಹೆಬ್ಬೆರಳು ತೋರುಬೆರಳ ನಡುವೆ ಸೆರಗು ಹಿಡಿದು ಉಜ್ಜಿ, ಇದು ಗಂಜಿಯ ಜೋರು, ಎರಡು ಸಲ ಒಗೆದರೆ ಸೊಳ್ಳೆಪರದೆ ಎಂದಳು. ಇನ್ನೊಂದರ ಜರಿ ಕುತ್ತಿಗೆಗೆ ಚುಚ್ಚುತ್ತದೆ, ಅಮ್ಮೋರು ಅಂಥದ್ದನ್ನು ಮದುವೆಗೆ ಉಟ್ಟು ಮಧ್ಯಾಹ್ನದೊಳಗೆ ಬಿಚ್ಚಿಡುತ್ತಾರೆ ಎಂದಳು. ಮತ್ತೊಂದು ಬೆವರಿಗೆ ಬಣ್ಣ ಬಿಡುತ್ತದೆ, ಕಂಕುಳಲ್ಲಿ ಕಲೆ ನಿಲ್ಲುತ್ತದೆ. ಇಪ್ಪತ್ತೆರಡು ವರ್ಷ ಪರಿಮಳಮ್ಮನ ಸೀರೆಗಳನ್ನು ಕಲ್ಲಿನ ಮೇಲೆ ಒಗೆದವಳು ಅವಳು. ಯಾವುದು ಯಾವಾಗ ಮೆತ್ತಗಾಯಿತು, ಯಾವುದು ಎಲ್ಲಿ ಪಿಸಿಯಿತು, ಯಾವುದನ್ನು ಅಮ್ಮೋರು ಪ್ರೀತಿಯಿಂದ ಮತ್ತೆ ಮತ್ತೆ ಉಟ್ಟರು ಎಂಬುದು ಪರಿಮಳಮ್ಮನಿಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇಷ್ಟೆಲ್ಲ ತನಗೆ ತಿಳಿದಿದೆ ಎಂಬುದು ಮಾತ್ರ ಅವಳಿಗೂ ಗೊತ್ತಾದದ್ದು ಆ ಗಾದಿಯ ಮೇಲೆಯೇ.

ಹದಿನೇಳನೆಯದೋ ಹದಿನೆಂಟನೆಯದೋ ಸೀರೆ ಬಿಚ್ಚುವ ಹೊತ್ತಿಗೆ ಗೋವಿಂದನ ಹಣೆಯ ಮೇಲೆ ಬೆವರೊಡೆದಿತ್ತು. ಆಗ ಕೆಳಗಿಳಿಯಿತು ಬೆಟಗೇರಿಯ ಕೈಮಗ್ಗದ ಒಂದು ಸೀರೆ, ಹಣ್ಣಾದ ಮುರುಗಲಿನ ಕಡುಗೆಂಪು ಬಣ್ಣ, ಬೆರಳಗಲದ ಕಪ್ಪು ಅಂಚು. ತಿಮ್ಮಿಯ ಕೈ ಅದರ ಮೇಲೆ ನಿಂತಿತು. ಬಟ್ಟೆ ಅವಳಿಗೆ ಒಪ್ಪಿಗೆಯಾಯಿತು. ಆದರೆ ಬಣ್ಣದ ಮೇಲೆ ನಂಬಿಕೆಯಿರಲಿಲ್ಲ, ಈ ಜಾತಿಯ ಕೆಂಪು ಮೊದಲ ನೀರಿಗೇ ಹರಿದು ಪಕ್ಕದ ಬಟ್ಟೆಯನ್ನೂ ಕೆಡಿಸುತ್ತದೆ. ಅವಳು ಹೆಬ್ಬೆರಳನ್ನು ನಾಲಗೆಗೆ ತಾಗಿಸಿ ಒಳಸೆರಗಿನ ಮೂಲೆಯನ್ನು ಉಜ್ಜಿದಳು. ಬೆರಳನ್ನು ಬೆಳಕಿಗೆ ಹಿಡಿದಳು. ಬೆರಳು ಬೆರಳಿನ ಬಣ್ಣದಲ್ಲೇ ಇತ್ತು.

"ಇದು," ಎಂದಳು.

ಪಕ್ಕಕ್ಕೆ ಸರಿದಿದ್ದ ಹೆಂಗಸರಲ್ಲೊಬ್ಬಳು ತನ್ನ ಮಡಿಲಲ್ಲಿದ್ದ ನೀಲಿ ಸೀರೆಯನ್ನು ಮುಂದೆ ಚಾಚಿ, ಇದರ ಬಣ್ಣ ನಿಲ್ಲುತ್ತದೆಯೇ ನೋಡಿ ಎಂದು ಕೇಳಿದಳು. ತಿಮ್ಮಿ ಉಜ್ಜಿ ನೋಡಿ ಅಡ್ಡಡ್ಡ ತಲೆಯಾಡಿಸಿದಳು. ಆ ಹೆಂಗಸು ಸೀರೆ ವಾಪಸು ಕೊಟ್ಟಳು. ಗೋವಿಂದ ತಿಮ್ಮಿಯ ಸೀರೆಯನ್ನು ಅವಸರದಿಂದ ಡಬ್ಬಿಗೆ ಹಾಕಿದ, ಈ ಗಿರಾಕಿ ಇನ್ನಷ್ಟು ಹೊತ್ತು ಕೂತರೆ ಅಂಗಡಿಗೇ ಕುತ್ತು ಎಂದು ಅವನಿಗೆ ಅನ್ನಿಸಿರಬೇಕು. ನಾಗಿಯ ಲಕೋಟೆಯ ದುಡ್ಡು ಎಣಿಸಿಕೊಂಡು, ಡಬ್ಬಿಯನ್ನು ಎರಡೂ ಕೈಯಿಂದ ಕೊಟ್ಟು ಮೆಲ್ಲಗೆ, "ಹ್ಯಾಂಗೂ ಹೋಗ್ತೀರಲ್ಲ, ಆ ಗಂಟೂ ತಕಂಡು ಹೋಗ್ತೀರಾ?" ಎಂದ.

"ಅದು ಹೆಗಡೇರ ಬಾಬ್ತು. ಅವ್ರು ಬಂದು ತಕಂಡು ಹೋಗ್ತಾರೆ," ಎಂದು ತಿಮ್ಮಿ ಮೆಟ್ಟಿಲಿಳಿದಳು. ಬರಿಗಾಲಿನಲ್ಲಿ, ಒಂದು ಕೈಯಲ್ಲಿ ಹಣತೆ, ಇನ್ನೊಂದರಲ್ಲಿ ಕಿತ್ತ ಚಪ್ಪಲಿ, ಕಂಕುಳಲ್ಲಿ ನವಿಲಿನ ಚೀಲ. ರವಿಕೆಗೆ ಇನ್ನೂ ಗುಂಡಿ ಬಿದ್ದಿರಲಿಲ್ಲ. ಗುಂಡಿ ಇಲ್ಲದ ರವಿಕೆಯನ್ನೇ ತೆಗೆದುಕೊಂಡು ಬಸ್ಸು ಹತ್ತಿದಳು.

ಪಾಡ್ಯದ ದಿನ ದನಗಳು ಕೊರಳ ತುಂಬ ಗೊಂಡೆ ಹಾಕಿಕೊಂಡು ಬೆಟ್ಟಕ್ಕೆ ಹೊರಟ ಮೇಲೆ ಪರಿಮಳಮ್ಮ ಜಗಲಿಯ ಅಂಚಿಗೆ ಬಂದರು. ಅರಿಸಿನ ಸೀರೆಗಳು ಒಂದೊಂದಾಗಿ ಇಳಿದವು. ಕೊನೆಯದು ತಿಮ್ಮಿಯದು. ಅದನ್ನು ಕೈಯೊಡ್ಡಿ ಪಡೆದು, ಹಣೆಗೆ ಒತ್ತಿಕೊಂಡು, ಪಕ್ಕದವಳ ಕೈಗಿತ್ತು, ತುಳಸಿಕಟ್ಟೆಯ ಹಿಂದೆ ಇಟ್ಟಿದ್ದ ಡಬ್ಬಿಯನ್ನು ಅವಳು ತಂದಳು. ಮೇಲೆ ಎರಡು ವೀಳ್ಯದೆಲೆ, ಒಂದು ಅಡಿಕೆ. ಹೇಗೆ ಕೊಡಬೇಕೆಂದು ಎರಡು ರಾತ್ರಿ ಮನಸ್ಸಿನಲ್ಲೇ ಅಭ್ಯಾಸ ಮಾಡಿದ್ದಳು. ಆದರೆ ಜಗಲಿ ಅಂಗಳಕ್ಕಿಂತ ಎತ್ತರ ಎಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕೊಡಲೆಂದು ಚಾಚಿದ ಕೈ, ಕೇಳಲು ಒಡ್ಡಿದ ಕೈಯ ಹಾಗೆಯೇ ಕಂಡಿತು.

"ಎಂತ, ತಿಮ್ಮಿ? ಅಂಗಡಿಯಿಂದ ಬೇರೆ ತಂದ್ಯನ? ಬದ್ಲಿ ಮಾಡ್ಬೇಕಾಗಿತ್ತನ?" ಎಂದು ಪರಿಮಳಮ್ಮ ಕೇಳಿದರು.

ಹಿಂದಿನಿಂದ ಒಬ್ಬಳು ಕಿಸಕ್ಕೆಂದಳು. ತಿಮ್ಮಿಗೆ ನಾಗಿ ಹೇಳಿದ್ದು ನೆನಪಾಯಿತು. ಆದರೂ ಅವಳು ಕೈ ಇಳಿಸಲಿಲ್ಲ.

"ಅಲ್ಲ ಅಮ್ಮ. ಇದು ನಿಮ್ಗೆ. ನಾಗಿ ಮೊದ್ಲ ಸಂಬ್ಳದ್ದು. ನಾನೇ ಕೂತ್ಕಂಡು ಆರಿಸಿದ್ದು."

ಪರಿಮಳಮ್ಮ ಕೈ ಚಾಚಿದರೆ ಸಾಕಿತ್ತು, ಡಬ್ಬಿ ಸಿಗುತ್ತಿತ್ತು. ಅವರು ಚಾಚಲಿಲ್ಲ. ನೆರಿಗೆ ಎತ್ತಿ ಹಿಡಿದು ಎರಡು ಮೆಟ್ಟಿಲಿಳಿದು, ಸಗಣಿ ಸಾರಿಸಿದ ಅಂಗಳಕ್ಕೆ ಬಂದು ಎದುರು ನಿಂತರು. ಸಮನೆಲದಲ್ಲಿ ಅವರು ತಿಮ್ಮಿಯ ಹೆಗಲಿನಷ್ಟೇ ಎತ್ತರ. ದಿನವೂ ನೋಡುವುದೇ, ಆದರೆ ಹಬ್ಬದ ದಿನ, ಈ ಹೊತ್ತಿನಲ್ಲಿ, ತಿಮ್ಮಿ ಅದನ್ನು ನೋಡಿರಲಿಲ್ಲ. ಪರಿಮಳಮ್ಮ ಎರಡೂ ಕೈ ಒಡ್ಡಿದರು.

"ಇದೆಲ್ಲ ಎಂತಕ್ಕೆ ಮಾಡಲೆ ಹೋದ್ಯೆ?" ಎಂದರು. ಆಳುಗಳ ಜೊತೆ ಎಂದೂ ಆಡದ ಮನೆಮಾತು ಅವರ ಬಾಯಿಂದ ತಾನಾಗಿ ಬಂದುಬಿಟ್ಟಿತ್ತು. ತಿಮ್ಮಿಯ ಮುಖದ ಕಳೆ ನೋಡಿ ಹಿಂದಿನಿಂದ ಕಿಸಕ್ಕೆಂದವಳು ಕೂಡ ಸುಮ್ಮನಾದಳು. ಅಂದು ಮನೆಗೆ ಹೋಗುವಾಗ ತಿಮ್ಮಿ ಎದೆಯೆತ್ತಿ ನಡೆದಳು.

ಪರಿಮಳಮ್ಮ ಸೀರೆ ಉಟ್ಟದ್ದನ್ನು ತಿಮ್ಮಿ ಕಣ್ಣಾರೆ ಕಂಡಿರಲಿಲ್ಲ. ತುಳಸಿ ಮದುವೆಗೆ ಅಮ್ಮೋರು ಬಿಳಗಿಯ ನೆಂಟರ ಮನೆಗೆ ಹೋಗಿ ರಾತ್ರಿಯೇ ಮರಳಿದ್ದರು. ಮರುದಿನ ಕೆಲಸಕ್ಕೆ ಬಂದವಳು ಬಟ್ಟೆ ಒಗೆಯುವ ಕಲ್ಲಿನ ಬಳಿ ಹೋದಳು. ಎಂದಿನಂತೆ ಬಟ್ಟೆಯ ರಾಶಿ ಕಾದಿತ್ತು. ಅವಳು ರಾಶಿಯನ್ನು ಮೇಲಿನಿಂದ ಕೆಳಗಿನವರೆಗೆ ಕೆದಕಿ ನೋಡಿದಳು. ಮುರುಗಲು ಬಣ್ಣ ಅದರಲ್ಲಿರಲಿಲ್ಲ. ಕಪಾಟಿನ ಮೂಲೆ ಎಂದುಕೊಂಡಳು.

ತಲೆಯೆತ್ತಿದರೆ ಹಿತ್ತಿಲಿನ ಹಗ್ಗದ ಮೇಲೆ ಸೀರೆ ಆಗಲೇ ಒಗೆದು ಹರವಿತ್ತು. ಹಿಂಡುವುದು ಬಾರದ ಯಾರೋ, ಅಮ್ಮೋರೇ ಇರಬೇಕು, ಹಿಂಡಿದ್ದರು. ಅಂಚಿನುದ್ದಕ್ಕೂ ನೀರು ತೊಟ್ಟಿಕ್ಕುತ್ತಿತ್ತು. ಕೆಳಗೆ ಅದನ್ನು ಜಾಲಿಸಿದ ಬಕೆಟು ಹಾಗೆಯೇ ಇತ್ತು, ಚೆಲ್ಲಿರಲಿಲ್ಲ.

ತಿಮ್ಮಿ ಬಗ್ಗಿ ನೋಡಿದಳು. ನೀರು ತಿಳಿಯಾಗಿತ್ತು, ಬಕೆಟಿನ ತಳ ಕಾಣುತ್ತಿತ್ತು.